ಮನೆ ಮೀಟರಿಗೆ ಬಿಟ್‌ಕಾಯಿನ್ ಯಂತ್ರ: ಚಿತ್ತಾಪುರ ಕಡೆಯ ಲೆಕ್ಕ

ಆಂಟ್‌ಮೈನರ್ ಎಸ್19 ಎಂಬ ಬಿಟ್‌ಕಾಯಿನ್ ತೆಗೆಯುವ ಯಂತ್ರ ನೋಡಲು ಸಣ್ಣದು. ಉದ್ದ 40 ಸೆಂ.ಮೀ., ತೂಕ 14 ಕೆ.ಜಿ. ಆಸುಪಾಸು, ಎರಡು ಬದಿಗೂ ಫ್ಯಾನು. ಆದರೆ ಎಳೆಯುವ ಕರೆಂಟು ಸುಮಾರು 3,250 ವ್ಯಾಟ್, ಅಂದರೆ ನಾಲ್ಕು ಎಚ್‌ಪಿಗೂ ಮೇಲೆ. ಹೊಲದ ಪಂಪ್‌ಸೆಟ್ಟು ಪಾಳಿಯ ಮೇಲೆ ಕೆಲವೇ ತಾಸು ಓಡಿ ನಿಲ್ಲುತ್ತದೆ. ಈ ಯಂತ್ರಕ್ಕೆ ಪಾಳಿಯಿಲ್ಲ, ಹಗಲು ರಾತ್ರಿ ಓಡುತ್ತಲೇ ಇರಬೇಕು. ಮನೆಯ ವೈರಿಂಗಿಗೆ ಬರುವ ತೊಂದರೆಯೆಲ್ಲ ಹುಟ್ಟುವುದು ಇಲ್ಲಿಂದಲೇ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗೆಲ್ಲ ಕರೆಂಟು ಕೊಡುವುದು ಜೆಸ್ಕಾಂ. ನಿಮ್ಮ ಮನೆಗೆ ಮಂಜೂರಾದ ಲೋಡು ಎಷ್ಟೆಂಬುದು ಬಿಲ್ಲಿನಲ್ಲೇ ಅಚ್ಚಾಗಿರುತ್ತದೆ. ಅದು ಒಂದೋ ಎರಡೋ ಕಿಲೋವ್ಯಾಟ್ ಇದ್ದರೆ ಯಂತ್ರವೊಂದೇ ಅದನ್ನು ಮೀರುತ್ತದೆ. ಮೊದಲು ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಬೇಕು. ಏರಿಸಿದ ಪ್ರತಿ ಕಿಲೋವ್ಯಾಟಿಗೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ.

ಇನ್ನು ವೈರು. 230 ವೋಲ್ಟ್ ಇದ್ದಾಗ 3,250 ವ್ಯಾಟ್ ಯಂತ್ರ 14 ಆಂಪ್ ಎಳೆಯುತ್ತದೆ. ಗೀಸರಿನ 16 ಆಂಪ್ ಸಾಕೆಟ್ಟು ಸಾಲದೇ ಎಂದು ಕೇಳುವವರಿದ್ದಾರೆ. ಗೀಸರು ಓಡುವುದು ಹತ್ತು ಹದಿನೈದು ನಿಮಿಷ, ಆಮೇಲೆ ಸಾಕೆಟ್ಟಿಗೆ ತಣಿಯಲು ಪುರಸತ್ತು ಸಿಗುತ್ತದೆ. ಸತತವಾಗಿ ಓಡುವ ಲೋಡಿಗೆ ಸರ್ಕ್ಯೂಟಿನ ಸಾಮರ್ಥ್ಯದ ಶೇ. 80ನ್ನು ಮೀರಬಾರದೆಂಬುದು ಎಲೆಕ್ಟ್ರಿಷಿಯನ್ನರ ಲೆಕ್ಕ. 16ರಲ್ಲಿ ಶೇ. 80 ಎಂದರೆ 12.8 ಆಂಪ್ ಮಾತ್ರ. ಆದ್ದರಿಂದ ಮೀಟರ್ ಬೋರ್ಡಿನಿಂದ ನೇರವಾಗಿ ಪ್ರತ್ಯೇಕ ಲೈನು, 20 ಆಂಪ್ ಎಂಸಿಬಿ, ಕನಿಷ್ಠ 4 ಚದರ ಮಿ.ಮೀ. ತಾಮ್ರದ ವೈರು ಬೇಕು. ಬಿಸಿಲಿಗೆ ಕಾಯುವ ಮಾಳಿಗೆಯ ಕೆಳಗೆ ಪೈಪಿನಲ್ಲಿ ಎಳೆಯುವುದಾದರೆ 6 ಚದರ ಮಿ.ಮೀ. ಹಾಕಿಸುವುದೇ ಲೇಸು, ಯಾಕೆಂದರೆ ಸುತ್ತಲ ಸೆಕೆ ಏರಿದಷ್ಟೂ ವೈರು ಹೊರುವ ಕರೆಂಟು ಇಳಿಯುತ್ತದೆ. ಎಸ್19ಕ್ಕೆ ಎರಡು ಪವರ್ ಕೇಬಲ್ಲು. ಎರಡಕ್ಕೂ ಬೇರೆ ಬೇರೆ ಸಾಕೆಟ್ಟು ಕೊಡಬೇಕೇ ಹೊರತು ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಬಾರದು. ಮೊದಲು ಕೆಡುವುದು ವೈರಲ್ಲ, ಸ್ಕ್ರೂ. ಸಾಕೆಟ್ಟಿನ ಹಿಂದೆ ಸಡಿಲ ಬಿದ್ದ ಸ್ಕ್ರೂ ಕಾದು, ಪ್ಲಗ್ಗಿನ ಪಿನ್ನು ಕಪ್ಪಾಗಿ, ಪ್ಲಾಸ್ಟಿಕ್ ಕಮಟು ವಾಸನೆ ಬಂದಾಗಲೇ ಗೊತ್ತಾಗುವುದು. ಓಡಲು ಶುರುವಾದ ಮೊದಲ ವಾರ ಮೇನ್ ಆಫ್ ಮಾಡಿ ಎಲ್ಲ ಸ್ಕ್ರೂಗಳನ್ನೂ ಮತ್ತೊಮ್ಮೆ ಬಿಗಿಸಿ.

ಹಳ್ಳಿಯ ಕಡೆ ಲೋ ವೋಲ್ಟೇಜು ಇನ್ನೊಂದು ತಾಪತ್ರಯ. ಬಲ್ಬಾದರೆ ವೋಲ್ಟೇಜು ಇಳಿದಾಗ ಮಂಕಾಗಿ ಸುಮ್ಮನಾಗುತ್ತದೆ. ಈ ಯಂತ್ರದ ಪವರ್ ಸಪ್ಲೈ ಹಾಗಲ್ಲ. ತನಗೆ ಬೇಕಾದ ವ್ಯಾಟನ್ನು ಬಿಡದೆ ಎಳೆಯುತ್ತದೆ, ವೋಲ್ಟೇಜು ಇಳಿದರೆ ಆಂಪ್ ಏರಿಸಿಕೊಳ್ಳುತ್ತದೆ. 200 ವೋಲ್ಟಿಗೆ ಬಂದಾಗ 14 ಇದ್ದದ್ದು 16 ದಾಟುತ್ತದೆ. ಅದಕ್ಕಿಂತ ಕೆಳಗಿನ ವೋಲ್ಟೇಜು ಅದಕ್ಕೆ ಹೇಳಿದ್ದೇ ಅಲ್ಲ. ಟ್ರಾನ್ಸ್‌ಫಾರ್ಮರ್ (ಟಿಸಿ) ಮೇಲೆ ಪಂಪ್‌ಸೆಟ್ಟುಗಳ ಭಾರವಿರುವ ಊರಲ್ಲಿ ಕನಿಷ್ಠ 5 ಕೆವಿಎ ಸ್ಟೆಬಿಲೈಜರ್ ಇಲ್ಲದೆ ಇದನ್ನು ಹಚ್ಚುವ ಮಾತೇ ಬೇಡ. ಮನೆಯ ಸಾಮಾನ್ಯ ಇನ್ವರ್ಟರಿನಿಂದ ಇದು ಓಡುವುದಿಲ್ಲ. ಕರೆಂಟು ಹೋದರೆ ಯಂತ್ರ ನಿಂತಿತು, ಅಷ್ಟೇ.

ಅರ್ಥಿಂಗ್ ವಿಷಯದಲ್ಲಿ ನಮ್ಮ ನೆಲ ಸ್ವಲ್ಪ ತಕರಾರಿನದು. ಶಹಾಬಾದ, ವಾಡಿ ಕಡೆ ಎಷ್ಟೋ ಜಾಗದಲ್ಲಿ ಗುಂಡಿ ತೋಡಲು ಹೋದರೆ ಸ್ವಲ್ಪದರಲ್ಲೇ ಪರಸಿ ಕಲ್ಲು ಎದುರಾಗುತ್ತದೆ. ಎರೆ ಮಣ್ಣಿರುವಲ್ಲಿ ಬೇಸಿಗೆಗೆ ನೆಲ ಬಿರಿದು ಅರ್ಥ್ ರಾಡಿನ ಸುತ್ತ ಸಂದು ಬೀಳುತ್ತದೆ. ಎರಡೂ ಕಡೆ ಮೀಟರ್ ಹಚ್ಚಿ ಅಳೆಸದೆ ನಂಬಬಾರದು. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕುತ್ತಿರಬೇಕು. ಯಂತ್ರದ ಮೈಯೆಲ್ಲ ಲೋಹ, ಆದ್ದರಿಂದ ಕರೆಂಟು ಸೋರಿದರೆ ಲೈನು ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇರಲೇಬೇಕು.

ಎಳೆದುಕೊಂಡ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬೀಳುತ್ತದೆ. 3,250 ವ್ಯಾಟ್ ಬಿಸಿಯನ್ನು ಕೋಣೆಯಿಂದ ಹೊರಹಾಕಲು ಹೆಚ್ಚುಕಡಿಮೆ ಒಂದು ಟನ್ ಎಸಿಯ ಪೂರ್ತಿ ದುಡಿಮೆ ಬೇಕು, ಅದರ ಕರೆಂಟು ಬೇರೆ. ಯಂತ್ರಕ್ಕೆ ಕಂಪನಿ ಹೇಳಿದ ಮೇಲ್ಮಿತಿ 40 ಡಿಗ್ರಿ. ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ನೆರಳಲ್ಲೇ ಅದು ದಾಟುತ್ತದೆ. ಹಾಗಾದರೆ ಕೂಲರ್ ಇಡೋಣ ಎಂದರೆ ಅದರ ಹಸಿ ಗಾಳಿಯೊಂದಿಗೆ ಕಲ್ಲು ಕೊಯ್ಯುವ ಮಶೀನುಗಳ ಬಿಳಿ ಪುಡಿ, ಸಿಮೆಂಟ್ ಧೂಳು ಒಳಸೇರಿ ಹೀಟ್‌ಸಿಂಕಿನ ಸಂದಿನಲ್ಲಿ ಗಟ್ಟಿ ಪದರವಾಗುತ್ತದೆ. ಆಮೇಲೆ ಬ್ಲೋವರಿಗೂ ಅದು ಬಗ್ಗದು. ಧೂಳಿನ ಊರಿನಲ್ಲಿ ಒಣ ಗಾಳಿ, ಗಾಳಿ ಬರುವ ಬದಿಗೆ ಫಿಲ್ಟರು, ಬಿಸಿ ಹೋಗಲು ಡಕ್ಟು, ಈ ಮೂರೂ ಬೇಕು. ಸದ್ದು ಸುಮಾರು 75 ಡೆಸಿಬೆಲ್, ಓಣಿಯವರು ಸುಮ್ಮನಿರುವುದಿಲ್ಲ.

ಈಗ ಬಿಲ್ಲು. ದಿನಕ್ಕೆ 78 ಯೂನಿಟ್, ತಿಂಗಳಿಗೆ 2,340. ಗೃಹಜ್ಯೋತಿಯ ಉಚಿತ ಕರೆಂಟಿನ 200 ಯೂನಿಟ್ ಮಿತಿ ಮೂರನೆಯ ದಿನವೇ ದಾಟಿ, ಪೂರಾ ಬಿಲ್ಲು ನಿಮ್ಮ ಕೊರಳಿಗೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 14,040 ರೂಪಾಯಿ. ಇದರ ಮೇಲೆ ತೆರಿಗೆ, ನಿಗದಿತ ಶುಲ್ಕ. ಗೃಹಬಳಕೆಯ ಮೀಟರಿನಲ್ಲಿ ವ್ಯಾಪಾರ ನಡೆಸಿದ್ದು ಸಾಬೀತಾದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಂತೆ ಎರಡು ಪಟ್ಟು ದರ ಕಟ್ಟಬೇಕಾದೀತು.

ಆದಾಯವನ್ನೂ ನೋಡಿಬಿಡೋಣ. 2024ರ ಏಪ್ರಿಲ್‌ನಿಂದ ವಹಿವಾಟುಗಳ ಒಂದು ಕಂತೆಗೆ, ಅಂದರೆ ಬ್ಲಾಕಿಗೆ, ಸಿಗುವುದು 3.125 ಬಿಟ್‌ಕಾಯಿನ್, ಜಗತ್ತಿಗೆಲ್ಲ ಸೇರಿ ದಿನಕ್ಕೆ ಸುಮಾರು 450. ಇದು ಯಂತ್ರಗಳ ಲೆಕ್ಕ ಮಾಡುವ ಬಲದಂತೆ ಹಂಚಿಹೋಗುತ್ತದೆ. 2025ರಲ್ಲಿ ಜಾಲದ ಒಟ್ಟು ಬಲ 1 ಝೆಟ್ಟಾಹ್ಯಾಶ್ ಮುಟ್ಟಿತು. ಅದರಲ್ಲಿ 95 ಟೆರಾಹ್ಯಾಶ್‌ನ ಎಸ್19ರ ಪಾಲು ತಿಂಗಳಿಗೆ 0.0013 ಬಿಟ್‌ಕಾಯಿನ್. ಒಂದಕ್ಕೆ 80 ಲಕ್ಷ ಎಂದಿಟ್ಟುಕೊಂಡರೂ ಬರುವುದು 10,400 ರೂಪಾಯಿ, ಬರೀ ಕರೆಂಟಿನ ಖರ್ಚಿಗೂ ಸಾಲದು. ಮಾರಿದಾಗ ಶೇ. 30 ತೆರಿಗೆ. ಕರೆಂಟಿನ ಖರ್ಚನ್ನು ಅದರಲ್ಲಿ ಕಳೆಯಲು ಅವಕಾಶವಿಲ್ಲ. ಹಿಂದೆ ಗೇಮಿಂಗ್ ಕಂಪ್ಯೂಟರಿನ ಕಾರ್ಡುಗಳಿಂದ ಇಥೀರಿಯಂ ಎಂಬ ಇನ್ನೊಂದು ಕ್ರಿಪ್ಟೊ ನಾಣ್ಯ ತೆಗೆಯುತ್ತಿದ್ದರು, 2022ರ ಸೆಪ್ಟೆಂಬರಿನಲ್ಲಿ ಆ ದಾರಿಯೂ ಮುಚ್ಚಿತು. ಹಳೆಯ ಯಂತ್ರವನ್ನು ಅಗ್ಗಕ್ಕೆ ಕೊಡುತ್ತೇವೆಂದು ಬರುವವರ ಲೆಕ್ಕ ಈ ನಷ್ಟದಿಂದಲೇ ತಿಳಿಯುತ್ತದೆ.

ಬಿಟ್‌ಕಾಯಿನ್ ತೆಗೆಯುವುದು ಹೇಗೆಂದು ಕಲಿಯುವ ಹುಮ್ಮಸ್ಸಿದ್ದವರಿಗೆ ಬಿಟ್‌ಆಕ್ಸ್ ಎಂಬ ಅಂಗೈಯಗಲದ ಬೋರ್ಡು ಸಿಗುತ್ತದೆ. ಬಲ ಸುಮಾರು 1 ಟೆರಾಹ್ಯಾಶ್. ಒಂಟಿಯಾಗಿ ಓಡಿಸಿದರೆ ಈಗಿನ ಜಾಲದಲ್ಲಿ ಒಂದು ಬ್ಲಾಕು ಸಿಗಲು ಸರಾಸರಿ 19,000 ವರ್ಷ. ಆದರೆ ಎಳೆಯುವುದು 15 ವ್ಯಾಟ್, ತಿಂಗಳಿಗೆ 11 ಯೂನಿಟ್. ವೈರು ಬದಲಿಸುವುದೂ ಬೇಡ, ಜೆಸ್ಕಾಂಗೆ ಅರ್ಜಿ ಹಾಕುವುದೂ ಬೇಡ.