ಹರಿಗೋಲೂ ಬಿಳಿಮೀನೂ

ಕಿರಿದಾದ ದೋಣಿಗೂ ಹಿರಿದಾದ ಮೀನಿಗೂ ನಡೆಯುವ ಸೆಣಸಾಟ ಬಹು ಪುರಾತನವಾದುದು. ಉತ್ತರ ಧ್ರುವದ ಹಿಮತೀರದ ಜನ ಸೀಲ್ ಪ್ರಾಣಿಯ ತೊಗಲು ಹೊದಿಸಿದ ಕಯಾಕ್ ಎಂಬ ಓಡದಲ್ಲಿ ಒಬ್ಬೊಬ್ಬರೇ ಕುಳಿತು, ತಮಗಿಂತ ಬಲಿಷ್ಠವಾದ ಜಲಚರಗಳನ್ನು ಎದುರಿಸಿದರು. ನಮ್ಮ ಕಾವೇರಿಯಲ್ಲಿ ಅಂಥದೇ ಸ್ಥಾನ ಹರಿಗೋಲಿಗೆ ಸಂದಿದೆ; ಅದರ ಎದುರಾಳಿಯಾಗಿ ನಿಂತದ್ದು ಮಹಶೀರ್ ಎಂದು ಹೆಸರಾದ, ನಮ್ಮ ಹೊಳೆಸಾಲಿನವರು ಬಿಳಿಮೀನು ಎಂದು ಕರೆದ ಮಹಾಮತ್ಸ್ಯ.

ನಾನು ಗಾಳ ಹಿಡಿದವನಲ್ಲ, ಕನ್ನಡ ಪಾಠ ಹೇಳುವವನು. ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಒಂದು ಗ್ರಂಥ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವುಂಟು. ಮೀನಿನ ಜಾತಿಗಳು, ಅವುಗಳಿಗೆ ಹಾಕಬೇಕಾದ ತಿನಿಸು, ಗಾಳದ ನೂಲು, ಕೋಲು ಇವೆಲ್ಲವೂ ಅಲ್ಲಿ ಶಾಸ್ತ್ರದ ಗಾಂಭೀರ್ಯದಿಂದ ನಿರೂಪಿತವಾಗಿವೆ. ಎಂಟು ಶತಮಾನಗಳ ಬಳಿಕವೂ ಕಾವೇರಿಯ ಗಾಳಗಾರರು ರಾಗಿಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ಉಂಡೆ ಕಟ್ಟಿ, ಗಾಳಕ್ಕೆ ಸಿಕ್ಕಿಸುತ್ತಿದ್ದರು. ಮನುಷ್ಯನ ಮುದ್ದೆಯೇ ಮೀನಿಗೂ ಎರೆಯಾಯಿತು!

ಹರಿಗೋಲಿನ ರಚನೆ ಸರಳವಾದುದು. ಬಿದಿರಿನ ಹೆಣಿಗೆ, ಅದರ ಮೇಲೆ ಹಿಂದೆ ತೊಗಲು, ಈಗ ಪ್ಲಾಸ್ಟಿಕ್ ಹೊದಿಕೆ, ನಡೆಸಲು ಒಂದೇ ಹುಟ್ಟು. ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ದಡದಲ್ಲಿ ನಿಂತು ದೊಡ್ಡ ಮೀನನ್ನು ಹಿಡಿಯುವವನು ರೀಲಿನ ನೂಲು ಮುಗಿದೊಡನೆ ಸೋತಂತೆಯೇ. ಹರಿಗೋಲಿನಲ್ಲಿ ಕುಳಿತವನಾದರೋ ಮೀನಿನ ಹಿಂದೆಯೇ ಸಾಗುತ್ತಾನೆ. ಮೀನು ದೋಣಿಯನ್ನೇ ಎಳೆದುಕೊಂಡು ಹೋಗುತ್ತದೆ; ಆ ಎಳೆತದಲ್ಲಿಯೇ ಅದರ ಬಲ ಕುಂದುತ್ತದೆ. ಅದು ಬಂಡೆಯ ಸಂದಿಗೆ ನುಗ್ಗಿ ನೂಲು ಸಿಕ್ಕಿಕೊಂಡರೆ, ಅಂಬಿಗನು ಬಂಡೆಯ ಆಚೆಗೆ ಹೋಗಿ ಮತ್ತೊಂದು ದಿಕ್ಕಿನಿಂದ ಅದನ್ನು ಬಿಡಿಸುತ್ತಾನೆ. ಕೀರ್ತಿ ಗಾಳದವನಿಗೆ ಸಲ್ಲುತ್ತದೆ. ಅರ್ಧಕ್ಕಿಂತ ಹೆಚ್ಚಿನ ವಿದ್ಯೆ ಅಂಬಿಗನದು. ಒಮ್ಮೆ ಹೊಳೆ ದಾಟುವಾಗ ವೃದ್ಧ ಅಂಬಿಗನೊಬ್ಬನನ್ನು ಇದರ ಗುಟ್ಟೇನೆಂದು ಕೇಳಿದೆ. “ಮೀನು ಕರೆದ ಕಡೆ ಹೋಗಬೇಕು ಮೇಷ್ಟ್ರೇ, ನಾವು ಕರೆದ ಕಡೆ ಅದು ಬರೋದಿಲ್ಲ” ಎಂದ. ಇದಕ್ಕಿಂತ ಉತ್ತಮವಾದ ಭಾಷ್ಯವನ್ನು ನಾನು ಕಾಣೆ.

ಈ ಮೀನಿನ ಗಾತ್ರವನ್ನು ದಾಖಲೆಗಳೇ ಹೇಳುತ್ತವೆ. 1919ರಲ್ಲಿ ಮೇಜರ್ ರಿವೆಟ್-ಕಾರ್ನಾಕ್ ಕಾವೇರಿಯಲ್ಲಿ 119 ಪೌಂಡಿನ ಮಹಶೀರನ್ನು ಹಿಡಿದರು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರಿಗೆ ಕಬಿನಿಯಲ್ಲಿ 120 ಪೌಂಡಿನದು, ಎಂದರೆ 54 ಕಿಲೋಗ್ರಾಮಿಗೂ ಮಿಗಿಲಾದುದು, ದೊರೆಯಿತು. ಒಬ್ಬ ವಯಸ್ಕನ ತೂಕ!

ಇಂಥ ಮೀನು ಈಗ ಅಳಿವಿನ ಅಂಚಿನಲ್ಲಿದೆ. ಅಣೆಕಟ್ಟುಗಳು ಹರಿವನ್ನು ತಡೆದವು. ಮರಳುಗಾರಿಕೆ ಹೊಳೆಯ ತಳವನ್ನು ಕದಡಿತು. ಸಿಡಿಮದ್ದು ಹಿರಿಮೀನು ಮರಿಮೀನುಗಳನ್ನು ಒಟ್ಟಿಗೇ ಕೊಂದಿತು. ಇವು ಲೋಭದ, ಅವಸರದ ಫಲಗಳು. ಆದರೆ ಸದುದ್ದೇಶದ ಕಥೆಯೂ ಒಂದುಂಟು. ಮಹಶೀರಿನ ಸಂತತಿಯನ್ನು ಹೆಚ್ಚಿಸಬೇಕೆಂದು 1970ರ ದಶಕದಿಂದೀಚೆಗೆ ಕಾವೇರಿಗೆ ಹೊರಗಿನ ಮರಿಗಳನ್ನು ಬಿಡಲಾಯಿತು. ಅವು ಲೋನಾವಳದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರಿನವು. ಕಾವೇರಿಯ ಡುಬ್ಬವುಳ್ಳ ಮಹಶೀರಿನವಲ್ಲ. ಬಂದ ನೆಂಟ ಮನೆಯೊಡೆಯನನ್ನೇ ಹೊರಗಟ್ಟಿದಂತಾಯಿತು. ಗಾಲಿಬೋರೆಯಲ್ಲಿ ಗಾಳಗಾರರು ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ಹೊಳೆಗೇ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ನೀಲಿರೆಕ್ಕೆಯದು ಹೆಚ್ಚುತ್ತ, ಡುಬ್ಬದ ಮೀನು ಮರೆಯಾಗುತ್ತ ಬಂದುದು ಸ್ಪಷ್ಟವಾಯಿತು. ವನ್ಯಧಾಮದಲ್ಲಿ ಗಾಳವು ನಿಂತ ಮೇಲೆ ಆ ಲೆಕ್ಕವೂ ನಿಂತಿತು. ಮೀನನ್ನು ನೋಯಿಸುವ ವಿನೋದ ಧರ್ಮವೇ ಎಂಬ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಆದರೂ ಗಾಳದೊಂದಿಗೆ ಹೊಳೆಯನ್ನು ಕಾಯುತ್ತಿದ್ದ ಕಣ್ಣುಗಳೂ ಹೋದುವಲ್ಲ ಎಂಬ ಕೊರಗು ಉಳಿಯುತ್ತದೆ.

ಇನ್ನೊಂದು ವೈಚಿತ್ರ್ಯವುಂಟು. ಲೋಕವಿಖ್ಯಾತವಾದ ಈ ಮೀನಿಗೆ ಬಹುಕಾಲ ಖಚಿತವಾದ ಶಾಸ್ತ್ರೀಯ ನಾಮವೇ ಇರಲಿಲ್ಲ. 2018ರಲ್ಲಿ ಅದು ‘ಟೋರ್ ರೆಮಾದೇವಿಐ’ ಎಂಬ ಪ್ರಭೇದವೆಂದು ನಿರ್ಣಯವಾಯಿತು. ಅದೇ ವರ್ಷ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಸೇರಿತು. ನಾಮಕರಣದ ಬೆನ್ನಿಗೇ ಮರಣದ ಎಚ್ಚರಿಕೆ! ಹೆಸರಿಲ್ಲದುದನ್ನು ಕಾಪಾಡುವುದು ಕಷ್ಟ. ಇದು ಭಾಷೆಯನ್ನು ನೆಚ್ಚಿದವರಿಗೆ ತಿಳಿದ ಮಾತೇ. ಇದು ಯಾವ ಮೀನೆಂದು ನೆಟ್ಟಗೆ ಅರಿಯದೆ, ಬೇರೊಂದನ್ನು ತಂದು ತುಂಬಿದರೆ ನಷ್ಟ ತುಂಬಿತೆಂದು ಭಾವಿಸಿದೆವು.

ರಾಮನಾಥಪುರದಲ್ಲಿ ಕಾವೇರಿಯ ಮೀನುಗಳನ್ನೂ ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನೂ ಜನ ದೇವರ ಮೀನುಗಳೆಂದು ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ಕಾವಲಿಗಿಂತ ನಂಬಿಕೆಯೇ ದೊಡ್ಡ ರಕ್ಷೆ. ಮಡುವೊಂದಕ್ಕೆ ಸಲ್ಲುವ ಆ ಗೌರವ ಇಡೀ ಹೊಳೆಗೆ ಸಲ್ಲುವಂತಾದರೆ ಬಿಳಿಮೀನು ಉಳಿದೀತು. ಅದು ಉಳಿಯದೆ ಹೋದರೆ ನಷ್ಟವಾಗುವುದು ಒಂದು ಮೀನು ಮಾತ್ರವಲ್ಲ. ಆ ಹೆಸರು ನಿಘಂಟಿನಲ್ಲಿದ್ದೂ ಹೊಳೆಯಲ್ಲಿ ಇಲ್ಲದಂತಾಗುತ್ತದೆ. ಅಂಥ ಪದಗಳ ಅರ್ಥವನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ಅಧ್ಯಾಪಕನ ದನಿ ತಾನಾಗಿಯೇ ತಗ್ಗುತ್ತದೆ.