ವಾಸ್ತವಿಕತೆ ಮತ್ತು ನಿಮಗ್ನತೆ: ಒಂದು ವೆಸ್ಟರ್ನ್ ವಿಡಿಯೋ ಆಟದ ವಿವೇಚನೆ

ಕಾವ್ಯ, ನಾಟಕ, ಚಲನಚಿತ್ರಗಳ ವಿಷಯದಲ್ಲಿ ಬಹುಕಾಲದಿಂದ ಚರ್ಚೆಗೊಳಗಾಗಿರುವ ಪ್ರಶ್ನೆಯೊಂದು ಈಗ ವಿಡಿಯೋ ಆಟಗಳ ವಿಷಯದಲ್ಲಿಯೂ ತಲೆದೋರಿದೆ. ಕಲ್ಪಿತ ಲೋಕವು ಕಣ್ಣೆದುರಿನ ಲೋಕವನ್ನು ಹೆಚ್ಚು ಹೆಚ್ಚಾಗಿ ಹೋಲುತ್ತ ಹೋದಂತೆಲ್ಲ ನಾವು ಅದರಲ್ಲಿ ಹೆಚ್ಚು ಹೆಚ್ಚಾಗಿ ಮುಳುಗುತ್ತೇವೆಯೇ ಎಂಬುದೇ ಆ ಪ್ರಶ್ನೆ. ಹೌದೆಂದು ಹೇಳಿಬಿಡುವುದು ಸುಲಭ. ಆಟಗಳನ್ನು ಕುರಿತ ಪ್ರಚಾರವೂ ಬಹುಮಟ್ಟಿಗೆ ಈ ನಂಬಿಕೆಯ ಮೇಲೆಯೇ ನಿಂತಿದೆ. ಅದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಒಂದು ಕೃತಿಯ ಆಧಾರದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾವು ಆರಿಸಿಕೊಂಡಿರುವ ಕೃತಿ ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಯು ೨೦೧೮ರ ಅಕ್ಟೋಬರ್ ೨೬ರಂದು ಹೊರತಂದ 'ರೆಡ್ ಡೆಡ್ ರಿಡೆಂಪ್ಷನ್ ೨'. ಅಮೆರಿಕದ ಪಶ್ಚಿಮ ಸೀಮೆಯ ಕುದುರೆ ಸವಾರರು, ದರೋಡೆಕಾರರು, ಶೆರಿಫರು ಮೊದಲಾದವರನ್ನು ಕುರಿತ ಕಥೆಗಳಿಗೆ 'ವೆಸ್ಟರ್ನ್' ಎಂಬ ಹೆಸರು ರೂಢಿಯಲ್ಲಿದೆ. ಈ ಆಟ ಆ ಪರಂಪರೆಗೆ ಸೇರಿದುದು. ಕಥೆ ನಡೆಯುವ ಕಾಲ ೧೮೯೯. ಡಚ್ ವಾನ್ ಡರ್ ಲಿಂಡ್ ಎಂಬಾತನ ದರೋಡೆಗುಂಪಿಗೆ ಸೇರಿದ ಆರ್ಥರ್ ಮಾರ್ಗನ್ ಕಥಾನಾಯಕ. ಇದು ಮುಕ್ತಲೋಕದ ಆಟ. ಎಂದರೆ, ಆಟಗಾರನು ಕಥೆಯ ಎಳೆಯನ್ನು ಬದಿಗಿಟ್ಟು ತನಗಿಷ್ಟ ಬಂದೆಡೆಗೆ ಸವಾರಿ ಹೋಗಬಹುದು, ಬೇಟೆಯಾಡಬಹುದು, ಮೀನು ಹಿಡಿಯಬಹುದು, ಊರಿನ ಬೀದಿಯಲ್ಲಿ ಅಡ್ಡಾಡಬಹುದು. ೨೦೨೩ರ ವೇಳೆಗಾಗಲೇ ಇದರ ಐದು ಕೋಟಿಗೂ ಮಿಕ್ಕಿದ ಪ್ರತಿಗಳು ಮಾರಾಟವಾಗಿದ್ದವು. ಇಷ್ಟು ಜನರ ಮನಸ್ಸನ್ನು ಹಿಡಿದ ಕೃತಿಯನ್ನು ಕೇವಲ ಕಾಲಹರಣದ ಸಾಧನವೆಂದು ತಳ್ಳಿಹಾಕುವಂತಿಲ್ಲ.

೧. ಎರಡು ಪದಗಳು

ಮೊದಲು ಪದಗಳ ಅರ್ಥವನ್ನು ನಿಷ್ಕರ್ಷಿಸಿಕೊಳ್ಳುವುದು ಅಗತ್ಯ. ವಾಸ್ತವಿಕತೆ ಕೃತಿಗೆ ಸೇರಿದ ಗುಣ. ನಿಮಗ್ನತೆ, ಎಂದರೆ ಮುಳುಗಿರುವಿಕೆ, ಆಟಗಾರನ ಮನಸ್ಸಿಗೆ ಸೇರಿದ ಸ್ಥಿತಿ. ಒಂದು ಇನ್ನೊಂದಕ್ಕೆ ಕಾರಣವಾಗಬಹುದು; ಆದರೆ ಎರಡೂ ಒಂದೇ ಅಲ್ಲ. ಕನ್ನಡಿಯಲ್ಲಿ ಕಾಣುವ ಕೋಣೆ ನಿಜವಾದ ಕೋಣೆಯನ್ನು ಪೂರ್ಣವಾಗಿ ಹೋಲುತ್ತದೆ. ಹಾಗೆಂದು ಯಾರೂ ಕನ್ನಡಿಯಲ್ಲಿ ಮೈಮರೆಯುವುದಿಲ್ಲ. ಇದಕ್ಕೆ ಪ್ರತಿಯಾಗಿ, ಕೇವಲ ಮರದ ಕಾಯಿಗಳಿಂದ ಆಡುವ ಚದುರಂಗದಲ್ಲಿ ಮನುಷ್ಯರು ಹೊತ್ತು ಮುಳುಗುವುದನ್ನೂ ಅರಿಯದೆ ಕುಳಿತಿರುತ್ತಾರೆ.

ಕಾವ್ಯವನ್ನು ಓದುವಾಗ ನಾವು ಅಪನಂಬಿಕೆಯನ್ನು ಸ್ವಇಚ್ಛೆಯಿಂದ ತಡೆಹಿಡಿಯುತ್ತೇವೆ ಎಂಬ ಕೋಲ್‌ರಿಜ್‌ನ ಮಾತು ೧೮೧೭ರಷ್ಟು ಹಳೆಯದು. ಗಣಕಯಂತ್ರದ ಮೂಲಕ ಕಥನವನ್ನು ಕುರಿತು ೧೯೯೭ರಲ್ಲಿ ಗ್ರಂಥವನ್ನು ರಚಿಸಿದ ಜ್ಯಾನೆಟ್ ಮರ್ರೆ ಈ ಮಾತನ್ನು ತಿದ್ದಿದರು. ಅವರ ಅಭಿಪ್ರಾಯದಲ್ಲಿ ನಾವು ಅಪನಂಬಿಕೆಯನ್ನು ತಡೆಹಿಡಿಯುವುದಷ್ಟೇ ಅಲ್ಲ, ನಂಬಿಕೆಯನ್ನು ನಾವೇ ಕ್ರಿಯಾಶೀಲರಾಗಿ ನಿರ್ಮಿಸುತ್ತೇವೆ. ೨೦೦೩ರಲ್ಲಿ ಕೇಟೀ ಸೇಲನ್ ಮತ್ತು ಎರಿಕ್ ಜಿಮ್ಮರ್‌ಮನ್ ಇನ್ನೂ ಮುಂದೆ ಹೋಗಿ, ಆಟದ ಸುಖವು ಅದು ಆಟವೆಂಬುದನ್ನೇ ಮರೆಸುವುದರಲ್ಲಿದೆ ಎಂಬ ಭಾವನೆಗೆ 'ನಿಮಗ್ನತೆಯ ಭ್ರಮೆ' ಎಂಬ ಅರ್ಥದ ಹೆಸರನ್ನು ಕೊಟ್ಟರು. ಆಡುವವನಿಗೆ ತಾನು ಆಡುತ್ತಿರುವುದು ತಿಳಿದೇ ಇರುತ್ತದೆ. ತಿಳಿದಿದ್ದೂ ಅವನು ಅದರೊಳಗೆ ಇರುತ್ತಾನೆ. ನಮ್ಮ ವಿಚಾರಕ್ಕೆ ಈ ಅಂಶ ಬಹು ಮುಖ್ಯವಾದುದು.

೨. ವಿವರಗಳು: ನೋಟದವು ಮತ್ತು ಹೊರೆಯವು

ಈ ಆಟದಲ್ಲಿ ವಿವರಗಳಿಗೆ ಮಿತಿಯೇ ಇಲ್ಲವೆನ್ನಬಹುದು. ದಿನ ಕಳೆದಂತೆ ನಾಯಕನ ಗಡ್ಡಮೀಸೆಗಳು ಬೆಳೆಯುತ್ತವೆ. ಅವನು ಊಟ ಮಾಡಿದಂತೆ ಅಥವಾ ಬಿಟ್ಟಂತೆ ಮೈ ತುಂಬುತ್ತದೆ ಇಲ್ಲವೆ ಸೊರಗುತ್ತದೆ. ಹಿಮದಲ್ಲಿ ತೆಳುವಾದ ಉಡುಪನ್ನು ತೊಟ್ಟರೆ ದೇಹಶಕ್ತಿ ಕುಂದುತ್ತದೆ. ಬಂದೂಕನ್ನು ಎಣ್ಣೆ ಹಾಕಿ ಒರೆಸದಿದ್ದರೆ ಅದರ ಕಸುವು ಕಡಮೆಯಾಗುತ್ತದೆ. ಚಳಿಯಲ್ಲಿ ಗಂಡು ಕುದುರೆಯ ವೃಷಣಗಳು ಸಂಕುಚಿತವಾಗುವುದನ್ನೂ ನಿರ್ಮಾಪಕರು ಬಿಟ್ಟಿಲ್ಲ. ಆಟ ಹೊರಬರುವ ಮುನ್ನವೇ ಈ ಒಂದು ವಿವರ ಜಗತ್ತಿನಾದ್ಯಂತ ಸುದ್ದಿಯಾಯಿತು.

ಇವುಗಳಲ್ಲಿ ಎರಡು ಬಗೆಗಳಿವೆಯೆಂಬುದನ್ನು ಗಮನಿಸಬೇಕು. ೧೯೬೮ರಲ್ಲಿ ಫ್ರೆಂಚ್ ವಿಮರ್ಶಕ ರೋಲಾನ್ ಬಾರ್ತ್, ಫ್ಲೋಬೇರನ ಕಥೆಯೊಂದರಲ್ಲಿ ಪಿಯಾನೊದ ಮೇಲ್ಭಾಗದಲ್ಲಿ ತೂಗುಹಾಕಿರುವ ವಾಯುಭಾರಮಾಪಕವನ್ನು ಕುರಿತು ಒಂದು ಪ್ರಶ್ನೆಯನ್ನೆತ್ತಿದನು: ಕಥೆಯ ನಡೆಗೆ ಯಾವ ಉಪಯೋಗವೂ ಇಲ್ಲದ ಈ ವಸ್ತು ಅಲ್ಲೇಕಿದೆ? ಅವನ ಉತ್ತರವಿಷ್ಟು: ಅದು 'ಇದು ನಿಜ' ಎಂದು ಸಾರುವುದಕ್ಕಾಗಿಯೇ ಇದೆ, ಅದರ ನಿರುಪಯುಕ್ತತೆಯೇ ಅದರ ಉಪಯೋಗ. ಮೇಲೆ ಹೇಳಿದ ಕುದುರೆಯ ವಿವರ ಈ ಜಾತಿಯದು. ಅದನ್ನು ಒಮ್ಮೆ ನೋಡಿ ಬೆರಗಾಗಬಹುದು. ಮುಂದೆ ಅದು ಮರೆತುಹೋಗುತ್ತದೆ. ಇಂತಹವನ್ನು ನಾವು ನೋಟದ ವಿವರಗಳೆಂದು ಕರೆಯೋಣ.

ಎರಡನೆಯ ಬಗೆಯ ವಿವರಗಳು ಆಟಗಾರನ ಮೇಲೆ ಏನಾದರೊಂದು ಹೊರೆಯನ್ನು ಹೊರಿಸುತ್ತವೆ. ಜಿಂಕೆಯೊಂದನ್ನು ಹೊಡೆದ ಮೇಲೆ ಅದರ ಚರ್ಮವನ್ನು ಸುಲಿಯುವವರೆಗೆ ಕಾದಿರಬೇಕು. ಆ ದೃಶ್ಯವನ್ನು ದಾಟಿ ಮುಂದಕ್ಕೆ ಹೋಗುವಂತಿಲ್ಲ. ಕಳೇಬರವನ್ನು ಹೊತ್ತು ತಂದು ಕುದುರೆಯ ಬೆನ್ನಿಗೆ ಹಾಕಬೇಕು. ತಡಮಾಡಿದರೆ ಅದು ಕೊಳೆಯುತ್ತದೆ, ಮಾರಿದರೆ ಬೆಲೆ ಸಿಕ್ಕುವುದಿಲ್ಲ. ಕುದುರೆಗೆ ಮೇವು ತಿನ್ನಿಸಿ, ಮೈಯುಜ್ಜಿ, ಬೆದರಿದಾಗ ಸಂತೈಸಿದರೆ ಸವಾರನಿಗೂ ಅದಕ್ಕೂ ನಡುವಣ ಬಾಂಧವ್ಯ ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆ. ಗುಂಡು ತಾಕಿ ಬಿದ್ದ ಕುದುರೆಗೆ ಸಕಾಲದಲ್ಲಿ ಔಷಧ ಕೊಡದಿದ್ದರೆ ಅದು ಸತ್ತೇ ಹೋಗುತ್ತದೆ. ಬೇರೊಂದನ್ನು ಪಡೆದು ಮೊದಲಿನಿಂದ ಆರಂಭಿಸಬೇಕು. ಆಟಗಾರರು ತಮ್ಮ ಕುದುರೆಗೆ ಹೆಸರಿಡುವುದಕ್ಕೂ ಅದು ಸತ್ತರೆ ದುಃಖಿಸುವುದಕ್ಕೂ ಕಾರಣ ಅದರ ಕೂದಲಿನ ನುಣುಪಲ್ಲ, ಅದಕ್ಕಾಗಿ ಅವರು ವ್ಯಯಿಸಿದ ಕಾಲ ಮತ್ತು ಕಾಳಜಿ. ನಿಮಗ್ನತೆಯನ್ನು ತರುವ ಶಕ್ತಿ ಮುಖ್ಯವಾಗಿ ಈ ಎರಡನೆಯ ಬಗೆಯ ವಿವರಗಳಲ್ಲಿದೆಯೆಂಬುದು ನಮ್ಮ ಅಭಿಪ್ರಾಯ.

ಈ ನಿಧಾನಗತಿ ಅನೇಕರಿಗೆ ಬೇಸರವನ್ನುಂಟುಮಾಡಿದೆಯೆಂಬುದೂ ಸತ್ಯವೇ. ಬೀರುವೊಂದರಿಂದ ಡಬ್ಬಿಯೊಂದನ್ನು ಎತ್ತಿಕೊಳ್ಳುವುದಕ್ಕೂ ಕೈಚಾಚುವ ಚಲನೆ ಮುಗಿಯುವವರೆಗೆ ಕಾಯಬೇಕಾಗುತ್ತದೆ. ನೂರನೆಯ ಡಬ್ಬಿಯ ವೇಳೆಗೆ ಅದು ಕಾಳಜಿಯಾಗಿ ಉಳಿಯದೆ ಬರಿಯ ತಡೆಯಾಗುತ್ತದೆ. ಹೊರೆಯು ಅರ್ಥವನ್ನು ಕೊಡಬೇಕಾದರೆ ಅದರ ಹಿಂದೆ ಪರಿಣಾಮವೊಂದು ಇರಲೇಬೇಕು.

೩. ಧರ್ಮ ಮತ್ತು ಭಂಗ

ಭರತನ ನಾಟ್ಯಶಾಸ್ತ್ರದಲ್ಲಿ ಲೋಕಧರ್ಮಿ, ನಾಟ್ಯಧರ್ಮಿ ಎಂಬ ವಿಭಾಗವಿದೆ. ಲೋಕದಲ್ಲಿ ಇರುವಂತೆಯೇ ತೋರಿಸುವುದು ಲೋಕಧರ್ಮಿ. ರಂಗದ ಸಂಕೇತಗಳ ಮೂಲಕ ತೋರಿಸುವುದು ನಾಟ್ಯಧರ್ಮಿ. ರಂಗದ ಮೇಲೆ ಒಂದು ಸುತ್ತು ನಡೆದರೆ ಪಾತ್ರವು ಬೇರೊಂದು ಸ್ಥಳವನ್ನು ಸೇರಿತೆಂದು ತಿಳಿಯಬೇಕು. ಪ್ರೇಕ್ಷಕನು ಇದನ್ನು ಅಸಂಗತವೆಂದು ಭಾವಿಸುವುದಿಲ್ಲ. ಈ ದೃಷ್ಟಿಯಿಂದ ನೋಡಿದರೆ ನಮ್ಮ ಆಟದಲ್ಲಿ ನಾಟ್ಯಧರ್ಮಿಯ ಅಂಶಗಳು ಹೇರಳವಾಗಿವೆ. ಹಿಮಪರ್ವತದಿಂದ ಹೊರಟ ಸವಾರನು ಸ್ವಲ್ಪ ಹೊತ್ತಿನಲ್ಲಿಯೇ ಮೊಸಳೆಗಳಿರುವ ಜೌಗುನೆಲವನ್ನು ತಲಪುತ್ತಾನೆ. ಹೆಗಲ ಚೀಲವೊಂದರಲ್ಲಿ ಹತ್ತಾರು ಡಬ್ಬಿಗಳೂ ಔಷಧದ ಸೀಸೆಗಳೂ ಅಡಗುತ್ತವೆ. ಗುರಿಯಿಡುವಾಗ ಕಾಲವೇ ನಿಧಾನವಾಗುತ್ತದೆ. ಇವು ಯಾವುವೂ ವಾಸ್ತವಿಕವಲ್ಲ; ಆದರೂ ಇವುಗಳಿಂದ ಆಟಗಾರನ ತನ್ಮಯತೆಗೆ ಹಾನಿ ತಟ್ಟುವುದಿಲ್ಲ. ಅವು ಆ ಲೋಕದ ಸ್ಥಿರವಾದ ಧರ್ಮಗಳು. ಒಮ್ಮೆ ಒಪ್ಪಿಕೊಂಡ ಮೇಲೆ ಮಾತು ತಪ್ಪುವುದಿಲ್ಲ.

ಹಾಗಾದರೆ ಭಂಗವುಂಟಾಗುವುದು ಎಲ್ಲಿ? 'ಮಿಷನ್' ಎಂದು ಕರೆಯುವ ಕಥಾಭಾಗಗಳಲ್ಲಿ. ಹೊರಗೆ ಇಷ್ಟಬಂದಂತೆ ನಡೆದಾಡುತ್ತಿದ್ದ ಆಟಗಾರನು ಇಲ್ಲಿ ಗೊತ್ತುಪಡಿಸಿದ ದಾರಿಯಲ್ಲಿಯೇ ಸಾಗಬೇಕು. ಶತ್ರುಗಳ ಬೆನ್ನಹಿಂದಿನಿಂದ ಬರುವುದು ಜಾಣತನವೆಂದು ತೋರಿ ಆತನು ಅತ್ತ ಸರಿದರೆ, ಸಂಗಡಿಗರನ್ನು ತೊರೆದುದಾಗಿ ಬರಹವೊಂದು ಮೂಡಿ ಆಟ ವಿಫಲವಾಗುತ್ತದೆ. ಕುದುರೆಯ ಬೆವರನ್ನೂ ಎಣಿಸುವ ಲೋಕ ಮನುಷ್ಯನ ವಿವೇಕವನ್ನು ಎಣಿಸದೆ ಹೋಗುತ್ತದೆ. ರಸಾಸ್ವಾದಕ್ಕೆ ಅಡ್ಡಿಯಾಗುವ ಏಳು ವಿಘ್ನಗಳನ್ನು ಹೇಳುವಾಗ ಅಭಿನವಗುಪ್ತನು ಮೊದಲನೆಯದಾಗಿ ಎತ್ತಿಕೊಳ್ಳುವುದು ಸಂಭಾವನಾವಿರಹವನ್ನು. ಎಂದರೆ, ನಡೆಯುತ್ತಿರುವುದು ಸಂಭವನೀಯವೆಂಬ ಪ್ರತೀತಿ ಇಲ್ಲದಿರುವುದನ್ನು. ಸಾದೃಶ್ಯದ ಕೊರತೆಯನ್ನು ಮನಸ್ಸು ತಾನೇ ತುಂಬಿಕೊಳ್ಳಬಲ್ಲದು. ಲೋಕವು ತನ್ನ ಧರ್ಮಕ್ಕೆ ತಾನೇ ವಿರುದ್ಧವಾಗಿ ನಡೆದಾಗ ತುಂಬಿಕೊಳ್ಳಲಾರದು.

ಈ ಆಟದ ಅತ್ಯುತ್ತಮ ಭಾಗವೂ ಇದೇ ತತ್ತ್ವವನ್ನು ಸಮರ್ಥಿಸುತ್ತದೆ. ಕಥೆಯ ಆರಂಭದಲ್ಲಿ ಆರ್ಥರನು ಗುಂಪಿನ ಬಡ್ಡಿ ವ್ಯವಹಾರದ ಪರವಾಗಿ ಸಾಲ ವಸೂಲಿಗೆ ಹೋಗಿ, ರೋಗಿಯಾದ ತಾಮಸ್ ಡೌನ್ಸ್ ಎಂಬ ಬಡ ರೈತನನ್ನು ಹೊಡೆಯುತ್ತಾನೆ. ಗುಂಡಿಯನ್ನೊತ್ತಿ ಹೊಡೆಯುವವನು ಆಟಗಾರನೇ. ಆ ರೈತನು ಕೆಮ್ಮಿದಾಗ ರಕ್ತ ಆರ್ಥರನ ಮುಖಕ್ಕೆ ಸಿಡಿಯುತ್ತದೆ. ಅನೇಕ ಗಂಟೆಗಳ ಆಟ ಕಳೆದ ಮೇಲೆ ಆರ್ಥರನು ಬೀದಿಯಲ್ಲಿ ಕುಸಿದಾಗ ವೈದ್ಯನು ಕ್ಷಯವೆಂದು ನಿರ್ಣಯಿಸಿ, ಬೆಚ್ಚಗಿನ ಒಣಹವೆಯ ಸ್ಥಳಕ್ಕೆ ಹೋಗಿ ವಿಶ್ರಮಿಸುವಂತೆ ಹೇಳುತ್ತಾನೆ. ಕ್ಷಯದ ರೋಗಾಣುವನ್ನು ಕಾಕ್ ೧೮೮೨ರಲ್ಲಿ ಗುರುತಿಸಿದ್ದನಾದರೂ ಗುಣಪಡಿಸುವ ಔಷಧ ೧೯೪೦ರ ದಶಕದವರೆಗೆ ಬರಲಿಲ್ಲ. ೧೮೯೯ರ ವೈದ್ಯನು ಇದಕ್ಕಿಂತ ಹೆಚ್ಚಿಗೆ ಹೇಳುವಂತಿರಲಿಲ್ಲ. ಅಲ್ಲಿಂದ ಮುಂದೆ ನಾಯಕನ ಕೆನ್ನೆ ಬತ್ತುತ್ತದೆ, ಕಣ್ಣು ಕೆಂಪಾಗುತ್ತದೆ, ಕೆಮ್ಮು ಬಿಡುವುದಿಲ್ಲ. ಆಟಗಾರನು ಇಷ್ಟು ದಿನ ಪೋಷಿಸಿದ ದೇಹವೇ ಅವನ ಕೈತಪ್ಪುತ್ತದೆ. ಚಿತ್ರದ ನೈಜತೆ ಇಲ್ಲಿ ಬೆರಗಿಗಾಗಿ ಇಲ್ಲ. ಕರ್ಮ ಮತ್ತು ಫಲಗಳ ಸಂಬಂಧವನ್ನು ಕಾಣಿಸುವುದಕ್ಕಾಗಿ ಇದೆ.

೪. ಯಾವ ವಾಸ್ತವ?

ಇನ್ನೊಂದು ಪ್ರಶ್ನೆ ಉಳಿದಿದೆ. ಈ ಆಟ ಅನುಕರಿಸುತ್ತಿರುವುದು ಯಾವ ವಾಸ್ತವವನ್ನು? ಪಶ್ಚಿಮ ಸೀಮೆ ಎಂದೊಡನೆ ಜನರ ಕಣ್ಣಿಗೆ ಕಟ್ಟುವ ಚಿತ್ರ ಬಹುಮಟ್ಟಿಗೆ ಪ್ರದರ್ಶನಗಳಿಂದ ಬಂದುದು. 'ಬಫಲೋ ಬಿಲ್' ಎಂದು ಪ್ರಸಿದ್ಧನಾದ ವಿಲಿಯಂ ಕೋಡಿ ತನ್ನ ಪ್ರದರ್ಶನವನ್ನು ಆರಂಭಿಸಿದುದು ೧೮೮೩ರಲ್ಲಿ. ಸೀಮಾರೇಖೆಯೆಂಬುದು ಇನ್ನಿಲ್ಲವೆಂದು ೧೮೯೦ರ ಜನಗಣತಿ ಸಾರಿತು; ೧೮೯೩ರಲ್ಲಿ ಫ್ರೆಡರಿಕ್ ಜ್ಯಾಕ್ಸನ್ ಟರ್ನರ್ ಅದನ್ನೇ ಆಧರಿಸಿ ತನ್ನ ಪ್ರಸಿದ್ಧ ಪ್ರಬಂಧವನ್ನು ಓದಿದನು. ೧೯೦೩ರ 'ದಿ ಗ್ರೇಟ್ ಟ್ರೇನ್ ರಾಬರಿ' ಚಿತ್ರದ ಹೊರಾಂಗಣ ದೃಶ್ಯಗಳನ್ನು ತೆಗೆದುದು ಪೂರ್ವದ ನ್ಯೂಜರ್ಸಿಯಲ್ಲಿ; ೧೯೬೪ರಲ್ಲಿ ಸೆರ್ಜಿಯೋ ಲಿಯೋನೆ ತನ್ನ ಮೊದಲ ವೆಸ್ಟರ್ನ್ ಚಿತ್ರವನ್ನು ತೆಗೆದುದು ಸ್ಪೇನಿನಲ್ಲಿ. ಆಟದ ನಿರ್ಮಾಪಕರು ಅನುಕರಿಸುವ ಧೂಳು, ಬೆಳಕು, ಮೌನಗಳು ಬಹುಪಾಲು ಈ ಚಿತ್ರಪರಂಪರೆಯಿಂದ ಬಂದವು. ವುಂಡೆಡ್ ನೀ ಹತ್ಯಾಕಾಂಡ ನಡೆದುದು ೧೮೯೦ರ ಡಿಸೆಂಬರಿನಲ್ಲಿ. ಆಟವಾದರೋ ವಾಪಿಟಿ ಎಂಬ ಕಲ್ಪಿತ ಬುಡಕಟ್ಟಿನವರಿಗೂ ಸೈನ್ಯಕ್ಕೂ ೧೮೯೯ರಲ್ಲಿ ಕಾಳಗವನ್ನು ಹೂಡುತ್ತದೆ. ಎಲೆಎಲೆಯನ್ನೂ ನಿಜವಾಗಿ ತೋರಿಸುವ ಕೃತಿ ಒಂದು ದಶಕವನ್ನು ಅನಾಯಾಸವಾಗಿ ಅತ್ತಿತ್ತ ಸರಿಸಬಲ್ಲದೆಂಬುದನ್ನು ಇಲ್ಲಿ ಕಾಣಬಹುದು.

ಹೀಗೆಂದ ಮಾತ್ರಕ್ಕೆ ಆಟದಲ್ಲಿ ಐತಿಹಾಸಿಕ ಸತ್ಯವೇ ಇಲ್ಲವೆಂದಲ್ಲ. ಗುಂಪನ್ನು ಬೆನ್ನಟ್ಟುವವರು ರೈಲು ಮತ್ತು ಎಣ್ಣೆಯ ಒಡೆಯನೊಬ್ಬನ ಹಣದಿಂದ ನಡೆಯುವ ಪಿಂಕರ್ಟನ್ ಪತ್ತೇದಾರರು. ೧೮೯೨ರಲ್ಲಿ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ ಮುಷ್ಕರದ ಕಾಲದಲ್ಲಿ ಇದೇ ಪಿಂಕರ್ಟನ್ ಸಂಸ್ಥೆಯವರಿಗೂ ಕಾರ್ಮಿಕರಿಗೂ ರಕ್ತಪಾತವಾಗಿತ್ತು. ತಮ್ಮ ಹೆಸರನ್ನು ಬಳಸಿದ ಬಗ್ಗೆ ಆ ಸಂಸ್ಥೆಯವರು ೨೦೧೮ರ ಡಿಸೆಂಬರಿನಲ್ಲಿ ಆಕ್ಷೇಪವೆತ್ತಿದರು. ಆಟದ ಒಡೆತನವುಳ್ಳ ಟೇಕ್-ಟೂ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. ೨೦೧೯ರ ಏಪ್ರಿಲಿನಲ್ಲಿ ವಿವಾದ ನಿಂತಿತು. ಟೆನೆಸ್ಸೀ ವಿಶ್ವವಿದ್ಯಾನಿಲಯದ ಇತಿಹಾಸಕಾರ ಟೋರ್ ಓಲ್ಸನ್ ಅವರು ೨೦೨೧ರಲ್ಲಿ ಈ ಆಟವನ್ನು ಮುಂದಿಟ್ಟುಕೊಂಡು ಆ ಯುಗದ ಇತಿಹಾಸವನ್ನು ಬೋಧಿಸಿ, ೨೦೨೪ರಲ್ಲಿ ಅದನ್ನು ಗ್ರಂಥವಾಗಿ ಪ್ರಕಟಿಸಿದರು. ಆಟವನ್ನು ಇತಿಹಾಸವೆಂದು ಒಪ್ಪದೆ, ಇತಿಹಾಸಕ್ಕೆ ಬಾಗಿಲಾಗಿ ಬಳಸುವ ಈ ಮಾರ್ಗ ಅನುಸರಣೀಯವಾದುದು. ಕಣ್ಣಿಗೆ ನಿಜವಾಗಿ ಕಾಣುವುದು ಬೇರೆ, ಸಾಮಾಜಿಕ ವಾಸ್ತವಿಕತೆ ಬೇರೆ ಎಂದು ಅಲೆಕ್ಸಾಂಡರ್ ಗ್ಯಾಲೋವೇ ೨೦೦೪ರಲ್ಲಿಯೇ ತೋರಿಸಿದ್ದನ್ನು ಇಲ್ಲಿ ಸ್ಮರಿಸಬಹುದು.

೫. ವಿವರದ ಬೆಲೆ

ವಿವರಗಳು ತಾವಾಗಿಯೇ ಹುಟ್ಟುವುದಿಲ್ಲ. ಈ ಆಟದಲ್ಲಿ ಮೂರು ಲಕ್ಷ ಆನಿಮೇಷನ್‌ಗಳೂ ಐದು ಲಕ್ಷ ಸಾಲುಗಳ ಸಂಭಾಷಣೆಯೂ ಇರುವುದಾಗಿ ಬಿಡುಗಡೆಯ ಕಾಲದಲ್ಲಿ ಪ್ರಕಟವಾಯಿತು. ಇವುಗಳ ಹಿಂದೆ ಹಲವು ದೇಶಗಳ ಕಲಾವಿದರ, ತಂತ್ರಜ್ಞರ ಶ್ರಮವಿದೆ. ಸಂಸ್ಥೆಯ ಬೆಂಗಳೂರಿನ ಶಾಖೆಯವರೂ ಅದರಲ್ಲಿ ಪಾಲುಗೊಂಡಿದ್ದರು. ವಾರಕ್ಕೆ ನೂರು ಗಂಟೆಗಳ ದುಡಿಮೆಯ ಮಾತನ್ನು ಸಹಸ್ಥಾಪಕ ಡಾನ್ ಹೌಸರ್ ೨೦೧೮ರ ಅಕ್ಟೋಬರಿನಲ್ಲಿ ಆಡಿದಾಗ ತೀವ್ರವಾದ ಟೀಕೆ ಬಂತು. ಅದು ಹಿರಿಯ ಬರಹಗಾರರ ಸಣ್ಣ ತಂಡವೊಂದಕ್ಕೆ ಕೆಲವೇ ವಾರಗಳ ಮಟ್ಟಿಗೆ ಅನ್ವಯಿಸುವ ಮಾತೆಂದು ಅವರು ಬಳಿಕ ಸ್ಪಷ್ಟಪಡಿಸಿದರು. ಆದರೂ ಯಾವ ವಿವರ ಅಗತ್ಯ, ಯಾವುದು ಅನಗತ್ಯ ಎಂಬುದು ಕೇವಲ ಸೌಂದರ್ಯದ ಪ್ರಶ್ನೆಯಲ್ಲ, ದುಡಿಯುವವರ ಕಾಲದ ಪ್ರಶ್ನೆಯೂ ಹೌದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇಷ್ಟರಿಂದ ನಾವು ತಲಪುವ ನಿರ್ಣಯ ಹೀಗಿದೆ. ಸಾದೃಶ್ಯವು ಆಟಗಾರನನ್ನು ಬಾಗಿಲವರೆಗೆ ಕರೆತರಬಲ್ಲದು. ಅವನನ್ನು ಒಳಗೆ ನಿಲ್ಲಿಸುವುದು ಹೊಣೆ, ಪರಿಣಾಮ ಮತ್ತು ಸ್ಥಿರವಾದ ಧರ್ಮ. ಆದರೆ ಒಳಹೊಕ್ಕವನು ಕಂಡುದನ್ನೆಲ್ಲ ಸತ್ಯವೆಂದು ಸ್ವೀಕರಿಸುವ ಸಂಭವವುಂಟು. ಮೇಲ್ಮೈ ನಿಜವಾಗಿರುವಷ್ಟೂ ಈ ಸಂಭವ ಹೆಚ್ಚು. ಅನೇಕ ತರುಣರಿಗೆ ೧೮೯೯ರ ಅಮೆರಿಕದ ಮೊದಲ ಚಿತ್ರ, ಬಹುಶಃ ಏಕೈಕ ಚಿತ್ರ, ಈ ಆಟವೇ ಆಗಿರಬಹುದು. ಆದುದರಿಂದ ಇಂತಹ ಕೃತಿಗಳನ್ನು ಅಭ್ಯಾಸ ಮಾಡುವವರು ಅವು ಎಷ್ಟು ನಿಜವಾಗಿ ಕಾಣುತ್ತವೆಂದು ಕೇಳಿ ಸುಮ್ಮನಾಗದೆ, ಯಾವುದನ್ನು ನಿಜವಾಗಿ ತೋರಿಸಲು ಆರಿಸಿಕೊಂಡಿವೆ, ಯಾವುದನ್ನು ಬಿಟ್ಟಿವೆ, ಆಡುವವನಿಂದ ಏನನ್ನು ಮಾಡಿಸುತ್ತವೆ ಎಂಬ ಮೂರು ಪ್ರಶ್ನೆಗಳನ್ನೂ ಕೇಳತಕ್ಕದ್ದು.