ವಯೋನಿವೃತ್ತಿಗೆ ಮುಂಚಿನ ದಿನಗಳು

ಕರ್ನಾಟಕದ ರಾಜ್ಯ ಸರ್ಕಾರಿ ನೌಕರರ ವಯೋನಿವೃತ್ತಿಯ ಮಿತಿಯನ್ನು 2008ರಲ್ಲಿ 58ರಿಂದ 60 ವರ್ಷಕ್ಕೆ ಏರಿಸಲಾಗಿದ್ದು, ಅರವತ್ತು ತುಂಬುವ ತಿಂಗಳಿನ ಕೊನೆಯ ದಿನ ನೌಕರರು ಸೇವೆಯಿಂದ ಬಿಡುಗಡೆ ಹೊಂದುತ್ತಾರೆ. ಈ ದಿನಾಂಕ ಮೊದಲೇ ಗೊತ್ತಿರುವುದರಿಂದ, ಸೇವೆಯ ಕೊನೆಯ ಒಂದೆರಡು ವರ್ಷಗಳು ದುಡಿಮೆಯ ಜೊತೆಗೇ ಸಿದ್ಧತೆಯ ಕಾಲವೂ ಆಗುತ್ತವೆ.

ನೇಮಕಾತಿ, ಬಡ್ತಿ, ರಜೆ, ವೇತನ ನಿಗದಿ ಮುಂತಾದವುಗಳೆಲ್ಲ ದಾಖಲಾಗುವ ಸೇವಾ ಪುಸ್ತಕದಲ್ಲಿ ಒಂದು ನಮೂದು ಬಿಟ್ಟುಹೋಗಿದ್ದರೂ ಪಿಂಚಣಿ ಮಂಜೂರಾತಿ ತಡವಾಗಬಹುದಾದ್ದರಿಂದ, ಹಿಂದೆ ದುಡಿದ ಕಚೇರಿಗಳನ್ನು ಸಂಪರ್ಕಿಸಿ ಅದನ್ನು ಸರಿಪಡಿಸಿಕೊಳ್ಳುವುದು ಈ ಅವಧಿಯ ಮೊದಲ ಕೆಲಸ. ಬಳಸದೆ ಉಳಿದ ಗಳಿಕೆ ರಜೆಯನ್ನು ಗರಿಷ್ಠ 300 ದಿನಗಳವರೆಗೆ ನಗದಾಗಿಸಿಕೊಳ್ಳಲು ಅವಕಾಶವಿದೆ. ಹಳೆಯ ಪಿಂಚಣಿ ಪದ್ಧತಿಗೆ ಸೇರಿದವರು ಪಿಂಚಣಿಯ ಮೂರನೇ ಒಂದು ಭಾಗದವರೆಗಿನ ಮೊತ್ತವನ್ನು ಮುಂಚಿತವಾಗಿ ಇಡಿಗಂಟಾಗಿ ಪಡೆಯುವ ಪರಿವರ್ತನೆಯ ಸೌಲಭ್ಯವನ್ನು ಆರಿಸಿಕೊಳ್ಳಬಹುದು. ಹಾಗೆ ಮಾಡಿದಾಗ ಮಾಸಿಕ ಪಿಂಚಣಿ ಅಷ್ಟರಮಟ್ಟಿಗೆ ಇಳಿಯುವುದರಿಂದ, ಮಕ್ಕಳ ಮದುವೆ, ಮನೆಸಾಲ ಮೊದಲಾದ ತುರ್ತು ಅಗತ್ಯಗಳನ್ನು ಮುಂದಿನ ತಿಂಗಳುಗಳ ಮನೆಖರ್ಚಿನೊಡನೆ ತೂಗಿ ನೋಡಬೇಕಾಗುತ್ತದೆ.

ಲೆಕ್ಕಪತ್ರಕ್ಕಿಂತ ಸೂಕ್ಷ್ಮವಾದುದು ದಿನಚರಿಯ ಬದಲಾವಣೆ. ದಶಕಗಳ ಕಾಲ ಹಾಜರಿ ಪುಸ್ತಕ, ಕಡತ ಹಾಗೂ ವರ್ಗಾವಣೆಗಳಿಗೆ ಹೊಂದಿಕೊಂಡು ನಡೆದ ಬದುಕು, ತಹಶೀಲ್ದಾರರು, ಮೇಷ್ಟ್ರು ಎಂಬ ಹುದ್ದೆಯ ಗುರುತಿನಿಂದಲೇ ಊರಿನಲ್ಲಿ ಮನ್ನಣೆ ಪಡೆದಿರುತ್ತದೆ. ಆದಕಾರಣ ಕಿರಿಯ ಸಹೋದ್ಯೋಗಿಗಳಿಗೆ ಹೊಣೆಯನ್ನು ಹಂತಹಂತವಾಗಿ ವಹಿಸಿಕೊಡುತ್ತ, ತೋಟ, ಓದು, ಸಂಗೀತದಂತಹ ಆಸಕ್ತಿಗಳಿಗೆ ಸೇವೆಯಲ್ಲಿರುವಾಗಲೇ ಸಮಯ ಮೀಸಲಿಡುವವರಿಗೆ, ಮನೆಗೆಲಸದಲ್ಲಿ ತಮ್ಮ ಪಾಲನ್ನು ಸಂಗಾತಿಯೊಡನೆ ಮೊದಲೇ ಮಾತನಾಡಿಕೊಳ್ಳುವವರಿಗೆ, ನಿವೃತ್ತಿಯ ಮರುದಿನ ಅಪರಿಚಿತವೆನಿಸುವ ಸಾಧ್ಯತೆ ಕಡಿಮೆ.